ಬೆನ್ನು ಒರಗಿಸದೆ ಇಸ್ತಾಂಬುಲ್‌ಗೆ

ವಿಮಾನದಲ್ಲಿ ಕೂತು ಬಂದವನೆಂದು ದಾವಣಗೆರೆ ಪಕ್ಕದ ನಮ್ಮ ಶಾಮನೂರಿನಲ್ಲಿ ನನಗೆ ಇವತ್ತಿಗೂ ಒಂದಿಷ್ಟು ಮರ್ಯಾದೆ ಇದೆ. ಮೇಲಿಂದ ಮೋಡ ಹೇಗೆ ಕಾಣುತ್ತದೆ ಎಂದು ಕೇಳುತ್ತಾರೆ. ನಾನು ಮೋಡ ನೋಡಲಿಲ್ಲ. ನಾನು ನೋಡಿದ್ದು ಪಕ್ಕದ ಸೀಟಿನವನ ಕೈಗಳನ್ನು. ಅವು ಯಾವಾಗ ನನ್ನ ಕಡೆ ಬಂದಾವು ಎಂದು ಕಾಯುವುದರಲ್ಲೇ ನನ್ನ ಪರದೇಶದ ಪ್ರಯಾಣ ಮುಗಿದುಹೋಯಿತು.

ದಾವಣಗೆರೆ

ನಯಾಪೈಸೆ ಬಂದು ಒಂದೆರಡು ವರ್ಷವಾಗಿದ್ದ ಕಾಲ. ಹಗಲು ನಾನು ದಾವಣಗೆರೆಯ ಒಂದು ಗಿರಣಿಯಲ್ಲಿ ಹತ್ತಿ ಅಂಡಿಗೆ ಹೊರುತ್ತಿದ್ದೆ. ಬೆಳಗಿನ ಜಾವ ಮತ್ತು ಸಂಜೆ ಗರಡಿಮನೆ. ನನಗೆ ಕುಸ್ತಿ ಕಲಿಸಿದವರು ಹಾಲಪ್ಪ ವಸ್ತಾದರು. ತುರ್ಕಿಯ ಇಸ್ತಾಂಬುಲ್ ಎಂಬ ಊರಿನಲ್ಲಿ ನಾನಾ ದೇಶದ ಪೈಲ್ವಾನರ ಕುಸ್ತಿ ಇದೆ, ನಮ್ಮ ದೇಶದಿಂದ ಹೋಗುವವರಲ್ಲಿ ನೀನೂ ಒಬ್ಬ ಎಂದು ಕಾಗದ ಬಂದಾಗ, ವಸ್ತಾದರಿಲ್ಲದೆ ನಾನು ಹೊರಡುವುದಿಲ್ಲ ಎಂದು ಹಟ ಹಿಡಿದೆ. ಊರಿನ ದೊಡ್ಡವರು ಕೂಡಿ ಮಾತಾಡಿ ಅವರನ್ನೂ ಕಳಿಸಲು ಒಪ್ಪುವ ಹೊತ್ತಿಗೆ ಉಳಿದ ಪೈಲ್ವಾನರು ದೆಹಲಿಯಿಂದ ಹಾರಿಹೋಗಿದ್ದರು. ನಾವಿಬ್ಬರೇ ಬೊಂಬಾಯಿಯಿಂದ ಹೊರಡುವಂತಾಯಿತು.

ನನ್ನ ಬೆನ್ನಿಗೆ ಅಲ್ಲಿಯತನಕ ಮಣ್ಣು ಹತ್ತಿರಲಿಲ್ಲ. ಕುಸ್ತಿ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಎರಡೂ ಹೆಗಲು ನೆಲಕ್ಕೆ ತಾಗಿದರೆ ಚಿತ್, ಅಲ್ಲಿಗೆ ಸೋತ ಹಾಗೆ. ನಮ್ಮ ಕಡೆ ಅಖಾಡ ಎಂದರೆ ಕೆಮ್ಮಣ್ಣು. ಹಾಗಾಗಿ ಕುಸ್ತಿ ಮುಗಿದ ಮೇಲೆ ಜನ ಪಂಚರ ಮಾತು ಕಾಯುವುದಿಲ್ಲ. ಪೈಲ್ವಾನನನ್ನು ತಿರುಗಿಸಿ ನಿಲ್ಲಿಸಿ ಬೆನ್ನು ನೋಡುತ್ತಾರೆ. ಬೆನ್ನಿಗೆ ಮಣ್ಣು ಹತ್ತದವನು ಎಂದರೆ ಅವನಿಗೆ ಬೇರೆ ಬಿರುದು ಬೇಡ.

ವಸ್ತಾದರ ಬೆನ್ನಿಗೆ ಒಮ್ಮೆ ಹತ್ತಿತ್ತು. ಇಪ್ಪತ್ತು ವರ್ಷದ ಹಿಂದೆ, ಹರಿಹರದಲ್ಲಿ, ಅಲ್ಲಿನ ರುದ್ರಪ್ಪ ಎಂಬ ಪೈಲ್ವಾನನ ಎದುರು. ಬಲ ಹೆಗಲ ಮೇಲೆ ಅಂಗೈಯಗಲ ಮಣ್ಣಿತ್ತು ಎಂದು ಹರಿಹರದವರು ಇಂದಿಗೂ ಹೇಳುತ್ತಾರೆ. ಅದು ನೆಲ ತಾಗಿ ಹತ್ತಿದ್ದಲ್ಲ, ರುದ್ರಪ್ಪ ಕೈಯಿಂದ ಬಳಿದದ್ದು ಎಂದು ವಸ್ತಾದರು. ಆವತ್ತೇ ಅವರು ಕುಸ್ತಿ ಬಿಟ್ಟು ಗರಡಿ ಹಾಕಿದರು. ಅಂದಿನಿಂದ ಅಂಗಾತ ಮಲಗಿದವರಲ್ಲ. ಹುಡುಗರಿಗೂ ಅದೇ ಕಟ್ಟಳೆ: ಕುಸ್ತಿ ಒಪ್ಪಿ ವೀಳ್ಯ ಹಿಡಿದವನು ಕುಸ್ತಿ ಮುಗಿಯುವ ತನಕ ಮಗ್ಗುಲಾಗಿಯೇ ಮಲಗಬೇಕು, ಗೋಡೆಗೂ ಬೆನ್ನು ಕೊಡಬಾರದು, ಬೆನ್ನು ತಟ್ಟಿಸಿಕೊಳ್ಳಬಾರದು, ಗುರುತಿಲ್ಲದವರ ಕೈಯಿಂದ ಒಂದು ಕಾಳೂ ತಿನ್ನಬಾರದು. ಯಾರು ಯಾವ ಮದ್ದು ಹಾಕುತ್ತಾರೋ, ಯಾರ ಕಣ್ಣು ಹೇಗಿರುತ್ತದೋ ಯಾರು ಬಲ್ಲರು? ಹನ್ನೆರಡನೇ ವಯಸ್ಸಿಗೆ ಗರಡಿಗೆ ಬಂದವನು ನಾನು. ಕುಸ್ತಿಯ ಪಟ್ಟುಗಳಿಗಿಂತ ಮೊದಲು ಕಲಿತದ್ದು ಅನುಮಾನಪಡುವುದನ್ನು.

ಹೊರಡುವ ದಿನ ವಸ್ತಾದರು ಗರಡಿಯ ಮಣ್ಣನ್ನು ಒಂದು ಬಟ್ಟೆ ಗಂಟಿನಲ್ಲಿ ಕಟ್ಟಿ ನನ್ನ ಕೈಗಿಟ್ಟರು.

“ಬೆನ್ನು ಹೆಂಗೆ ಒಯ್ತೀಯೋ ಹಂಗ ತರಬೇಕು ಬಸ್ಯಾ. ವಾಪಸ್ ಬರೋವಾಗ ಹರಿಹರದ ಸ್ಟೇಷನ್‌ದಾಗ ಗಾಡಿ ನಿಲ್ತೈತೆ. ನೆಪ್ಪಿಟ್ಕೋ” ಎಂದರು.

ಬೊಂಬಾಯಿ

ವಿಮಾನದ ಕುರ್ಚಿಯನ್ನು ನೋಡಿಯೇ ವಸ್ತಾದರ ಮುಖ ಗಂಟಾಯಿತು. ಅದು ಮೆತ್ತಗಿತ್ತು, ಹಿಂದಕ್ಕೆ ವಾಲಿತ್ತು. ಕೂತರೆ ಸಾಕು, ಬೆನ್ನು ತಾನಾಗಿ ಹೋಗಿ ಒರಗುತ್ತಿತ್ತು.

“ಇದ್ಯಾವ ಕುರ್ಚಿಲೇ? ಕುಂತ್ರೆ ಹಿಂದಕ್ಕ ಎಳಿತೈತೆ” ಎಂದರು. “ಮುಂದಕ್ಕ ಸರಿ. ತುದೀಗೆ ಕೂಡು.”

ತುದಿಗೆ ಕೂತೆ. ಮೊಣಕೈ ಮೊಣಕಾಲ ಮೇಲೆ, ಗದ್ದ ಮುಷ್ಟಿಯ ಮೇಲೆ. ಬಲಕ್ಕೆ, ನಡುದಾರಿಯ ಪಕ್ಕ, ವಸ್ತಾದರೂ ಹಾಗೆಯೇ ಕೂತರು. ನಮ್ಮಿಬ್ಬರನ್ನು ನೋಡಿದವರು ಇವರು ಇನ್ನೇನು ಮುಂದಿನ ಊರಲ್ಲೇ ಇಳಿಯುವವರು ಎಂದುಕೊಂಡಿರಬೇಕು.

ಎಡಕ್ಕೆ, ಕಿಟಕಿಯ ಬಳಿ, ಒಬ್ಬ ಪರದೇಶದವನು ಬಂದು ಕೂತ. ನಡುವಯಸ್ಸು. ದಪ್ಪ ಮೀಸೆ, ಕತ್ತೇ ಇಲ್ಲದ ದೇಹ. ವಸ್ತಾದರು ನನ್ನ ತೊಡೆ ಚಿವುಟಿದರು.

“ಕಿವಿ ನೋಡು.”

ನೋಡಿದೆ. ಎರಡೂ ಕಿವಿ ಮುದುಡಿ ಗಂಟುಕಟ್ಟಿದ್ದವು. ಜಗತ್ತಿನ ಯಾವ ಮೂಲೆಯಲ್ಲಾದರೂ ಸರಿ, ತಿಕ್ಕಾಟದಲ್ಲಿ ಕಿವಿ ಹಾಗೆ ಮುರಿಯುವುದು ಒಂದೇ ಕಸುಬಿನವರಿಗೆ. ನಾನು ರುಮಾಲನ್ನು ಎಳೆದು ನನ್ನ ಕಿವಿ ಮುಚ್ಚಿಕೊಂಡೆ. ಆದರೆ ಅವನ ಕಣ್ಣು ಅಷ್ಟರಲ್ಲೇ ಬಿದ್ದಾಗಿತ್ತು. ತನ್ನ ಕಿವಿಯನ್ನು ಬೆರಳಿನಿಂದ ತಟ್ಟಿ, ನನ್ನ ರುಮಾಲಿನ ಕಡೆ ತೋರಿಸಿ, “ಪೆಹ್ಲಿವಾನ್?” ಎಂದ.

ನಮ್ಮದೇ ಮಾತು ಅವನ ಬಾಯಲ್ಲಿ! ನನಗೆ ಮೈ ಜುಮ್ಮೆಂದಿತು. ಇವನಿಗೆ ಯಾರೋ ಮೊದಲೇ ಹೇಳಿದ್ದಾರೆ ಎಂದುಕೊಂಡೆ. ತಾನು ಬೊಂಬಾಯಿಯಲ್ಲಿ ಕುಸ್ತಿಯಾಡಿಸಲು ಬಂದಿದ್ದವನು, ಈಗ ತನ್ನ ಊರು ಇಸ್ತಾಂಬುಲ್‌ಗೆ ವಾಪಸಾಗುತ್ತಿರುವವನು ಎಂದು ಅವನು ತನಗೆ ಬಂದಷ್ಟು ಹಿಂದೂಸ್ತಾನಿಯಲ್ಲಿ ಹೇಳಿದ. ವಸ್ತಾದರು ನಡುವೆ ಬಾಯಿ ಹಾಕಿ, “ನಹೀ ಪೈಲ್ವಾನ್. ಹತ್ತಿ ವ್ಯಾಪಾರ, ಹತ್ತಿ” ಎಂದರು. ಹತ್ತಿ ಬಿಡಿಸುವಂತೆ ಬೆರಳು ಆಡಿಸಿಯೂ ತೋರಿಸಿದರು. ತುರ್ಕಿಯವನು ವಸ್ತಾದರ ಎದೆಯ ಅಗಲ ನೋಡಿದ, ನನ್ನ ತೋಳು ನೋಡಿದ, ತಲೆಯಾಡಿಸಿ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಆಕಾಶದ ಮೊದಲ ರಾತ್ರಿ

ವಿಮಾನದ ಸದ್ದು ಎಂದರೆ ನಮ್ಮ ಗಿರಣಿಯ ಎಲ್ಲ ಯಂತ್ರಗಳನ್ನೂ ಒಂದೇ ಕೋಣೆಯಲ್ಲಿಟ್ಟು ಬಿಟ್ಟಷ್ಟು. ಅದಕ್ಕೆ ನಾನು ಅಂಜಲಿಲ್ಲ. ಅಂಜಿದ್ದು ದೀಪ ಆರಿಸಿದಾಗ. ದೀಪ ಆರಿಸಿದ್ದೇ ತಡ, ಸುತ್ತಲಿನವರೆಲ್ಲ ಒಂದು ಗುಂಡಿ ಒತ್ತಿದರು, ಕುರ್ಚಿಗಳೆಲ್ಲ ಹಿಂದಕ್ಕೆ ಬಿದ್ದವು, ಗಂಡಸರು ಹೆಂಗಸರು ಎನ್ನದೆ ಇಡೀ ವಿಮಾನವೇ ಒಮ್ಮೆಲೇ ಚಿತ್ ಆಯಿತು. ನೆಟ್ಟಗೆ ಉಳಿದ ತಲೆಗಳು ಎರಡೇ, ನನ್ನದು ಮತ್ತು ವಸ್ತಾದರದು.

ಗಗನಸಖಿ ಬಂದು ದಿಂಬು ಕೊಟ್ಟಳು. ವಸ್ತಾದರು ಅದನ್ನು ಮೂಸಿ, ಅಂಚಿನ ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿ, ಕಾಲ ಕೆಳಗೆ ತಳ್ಳಿದರು. ಆಕೆ ಪಾಪ, ನಮಗೆ ಗುಂಡಿ ಗೊತ್ತಿಲ್ಲವೆಂದು ತಿಳಿದು, ಬಗ್ಗಿ ತಾನೇ ಒತ್ತಲು ಬಂದಳು. ವಸ್ತಾದರು ಆಕೆಯ ಕೈಗೆ ಅಡ್ಡ ಕೈಯಿಟ್ಟು, “ಬ್ಯಾಡ ತಾಯಿ, ನಾವು ಹಿಂಗ ಆರಾಮ ಅದೀವಿ” ಎಂದರು. ಆಕೆಗೆ ಕನ್ನಡ ಬಾರದು, ಆದರೂ ಆ ದನಿ ಅರ್ಥವಾಯಿತು. ಮತ್ತೆ ನಮ್ಮ ಸಾಲಿಗೆ ಬರಲಿಲ್ಲ.

ಊಟವೂ ನಮ್ಮದೇ. ಕಟಕಲು ರೊಟ್ಟಿ, ಶೇಂಗಾ ಚಟ್ನಿ, ಡಬ್ಬಿಯಲ್ಲಿ ಬೆಣ್ಣೆ. ಕತ್ತಲಲ್ಲಿ ರೊಟ್ಟಿ ಮುರಿದ ಸದ್ದಿಗೆ ಮುಂದಿನ ಸೀಟಿನ ಮುದುಕಿ ಎದ್ದು ನೋಡಿದಳು. ತುರ್ಕಿಯವನು ಒಂದು ಮುಷ್ಟಿ ಪಿಸ್ತಾ ತೆಗೆದು ನನ್ನ ಮುಂದೆ ಹಿಡಿದ. ಹಸಿರು ಕಾಳು, ಘಮಘಮ. ನನ್ನ ಬಾಯಲ್ಲಿ ನೀರು. ವಸ್ತಾದರು ನನ್ನ ಮೇಲೆ ಹಾಯ್ದು ಅವನ್ನು ಈಸಿಕೊಂಡು, ನಮಸ್ಕಾರ ಮಾಡಿ, ಸಿಗರೇಟಿನ ಬೂದಿ ಹಾಕುವ ಡಬ್ಬಿಯೊಳಗೆ ಒಂದೊಂದಾಗಿ ಇಳಿಬಿಟ್ಟರು. ತುರ್ಕಿಯವನು ಅದನ್ನು ನೋಡಿದನೋ ಇಲ್ಲವೋ, ಮುಖ ಕಿಟಕಿಗೆ ತಿರುಗಿಸಿದ.

ಆಮೇಲೆ ನಿದ್ದೆಯ ಜೊತೆ ಕುಸ್ತಿ ಶುರುವಾಯಿತು. ಮುಂದಕ್ಕೆ ಬಗ್ಗಿ ಮಲಗಿದರೆ ಹಣೆ ಮುಂದಿನ ಸೀಟಿಗೆ ಬಡಿಯುತ್ತದೆ. ಬಲಕ್ಕೆ ವಾಲಿದರೆ ವಸ್ತಾದರ ಮೊಣಕೈ. ಎಡಕ್ಕೆ ವಾಲಿದರೆ ಎದುರಾಳಿಯ ಭುಜ. ಕಣ್ಣು ಮುಚ್ಚಿದಾಗೆಲ್ಲ ಅವನ ಕೈ ಎಲ್ಲಿದೆ ಎಂಬ ಯೋಚನೆ, ತೆರೆದು ನೋಡಿದರೆ ಅವನ ಹೊಟ್ಟೆಯ ಮೇಲೇ ಇರುತ್ತಿತ್ತು. ಇಷ್ಟು ಸಮಾಧಾನದಿಂದ ಮಲಗಿದ್ದಾನೆಂದರೆ ಏನೋ ಇರಬೇಕು ಎಂದು ಅದಕ್ಕೂ ಅನುಮಾನಪಟ್ಟೆ.

ಬೆಳಗಿನ ಜಾವಕ್ಕೆ ನನ್ನನ್ನು ಯಾವುದೋ ಗಳಿಗೆಯಲ್ಲಿ ನಿದ್ದೆ ಗೆದ್ದಿರಬೇಕು. ಕಟ್ ಎಂದು ಸದ್ದಾಯಿತು. ಕುರ್ಚಿ ಹಿಂದಕ್ಕೆ ಬಿತ್ತು, ಅದರ ಜೊತೆ ನಾನೂ ಬಿದ್ದೆ. ಕಣ್ಣು ಬಿಡುವ ಮೊದಲೇ ಮೈ ತನ್ನ ಕಲಿಕೆ ತೋರಿಸಿತು. ತಲೆ ಊರಿ, ಸೊಂಟ ಎತ್ತಿ, ಬಿಲ್ಲಾಗಿ ನಿಂತೆ. ಹೆಗಲು ತಾಗದಂತೆ ಪೈಲ್ವಾನರು ಕೊನೆಗೆ ಮಾಡುವ ಪಟ್ಟು ಅದು. ಎರಡೂ ಕಾಲು ಮುಂದಿನ ಸೀಟಿಗೆ ಒದ್ದವು. ಮುದುಕಿ ಚೀರಿದಳು. ದೀಪ ಹತ್ತಿತು. ತುರ್ಕಿಯವನ ಹೆಬ್ಬೆರಳು ಇನ್ನೂ ನನ್ನ ಕುರ್ಚಿಯ ಗುಂಡಿಯ ಮೇಲಿತ್ತು.

ವಸ್ತಾದರು ಧಡಕ್ಕನೆ ಎದ್ದು ನಿಂತರು.

“ತಾಗ್ತೇನ್ಲೇ? ಖರೇ ಹೇಳು, ತಾಗ್ತೇನು?”

“ಒಂದ ತಾಗೇತ್ರಿ. ಎಡದ್ದು.”

“ಬಲದ್ದು?”

“ಇಲ್ರಿ, ಎತ್ತಿದ್ದೆ.”

“ಹಂಗಾದ್ರೆ ಚಿತ್ ಅಲ್ಲ” ಎಂದು ಉಸಿರು ಬಿಟ್ಟು ಕೂತರು. ತುರ್ಕಿಯವನು ಎರಡೂ ಕೈ ಎತ್ತಿ, “ಸೋನಾ, ಸೋನಾ” ಎನ್ನುತ್ತಿದ್ದ. ಮಲಗು ಎನ್ನುತ್ತಿದ್ದನಂತೆ. ಎದುರಾಳಿಯನ್ನು ಅಂಗಾತ ಕೆಡವಿ ಮಲಗು ಎನ್ನುವುದನ್ನು ನಾವು ಅಖಾಡದಲ್ಲಿಯೂ ಕೇಳಿದ್ದೇವೆ. ಆಮೇಲೆ ಬೆಳಗಾಗುವ ತನಕ ನಾನು ರೆಪ್ಪೆ ಬಡಿಯಲಿಲ್ಲ.

ಬೈರೂತ್

ವಿಮಾನಕ್ಕೆ ಏನೋ ಕೆಟ್ಟಿತೆಂದು ಬೈರೂತಿನಲ್ಲಿ ಇಳಿಸಿ, ರಾತ್ರಿ ಬೇರೆ ವಿಮಾನ ಎಂದರು. ಅಲ್ಲಿ ನಮ್ಮ ಗಂಟು ಬಿಚ್ಚಿಸಿದರು. ಬಟ್ಟೆಯೊಳಗಿನ ಕೆಂಪು ಪುಡಿ ನೋಡಿ ಅಧಿಕಾರಿಯ ಹುಬ್ಬು ಮೇಲೇರಿತು. ಎಣ್ಣೆ, ಅರಿಶಿನ, ಮಜ್ಜಿಗೆ ಹಾಕಿ ಹದ ಮಾಡಿದ ಮಣ್ಣು, ವಾಸನೆ ಬೇರೆ. ಆತ ಮೂಸಿದ, ಬೆರಳಿನಿಂದ ಉಜ್ಜಿದ, ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬನನ್ನು ಕರೆದ. ಮೂವರೂ ನನ್ನ ಮುಖ ನೋಡತೊಡಗಿದರು. ನಾನು ಹಿಂದಿನ ರಾತ್ರಿ ತುರ್ಕಿಯವನನ್ನು ನೋಡಿದ್ದು ಹಾಗೆಯೇ ಎಂದು ಆಗ ಹೊಳೆಯಲಿಲ್ಲ.

ತುರ್ಕಿಯವನು ಎಲ್ಲಿಂದಲೋ ಬಂದು ಅವರ ಭಾಷೆಯಲ್ಲಿ ಏನೋ ಹೇಳಿದ. ಒಂದು ಚಿಟಿಕೆ ಮಣ್ಣು ತೆಗೆದು ಹಣೆಗೆ ಮುಟ್ಟಿಸಿಕೊಂಡ. ಅಧಿಕಾರಿಗಳು ನಕ್ಕು ಗಂಟು ವಾಪಸು ಕೊಟ್ಟರು. ವಸ್ತಾದರು ಮಾತ್ರ ನನ್ನನ್ನು ಪಕ್ಕಕ್ಕೆ ಎಳೆದರು.

“ನಮ್ಮ ಮಣ್ಣು ಒಂದು ಚಿಟಿಕಿ ಅವನ ಕೈಯಾಗ ಉಳಿತು. ನೋಡ್ದಿಲ್ಲ? ಕಾಗದದಾಗ ಸುತ್ತಿ ಜೇಬಿಗೆ ಹಾಕ್ಕೊಂಡ.”

ನಾನೂ ನೋಡಿದ್ದೆ. ಆ ಮಣ್ಣಿನಿಂದ ಅವನು ಯಾವ ಮಾಟ ಮಾಡಿಸುತ್ತಾನೋ ಎಂದು ಹಗಲೆಲ್ಲ ಅದೇ ಚಿಂತೆ. ಅವನೋ, ಬೆಂಚಿನ ಮೇಲೆ ಅಂಗಾತ ಬಿದ್ದು, ಮುಖಕ್ಕೆ ಟೋಪಿ ಮುಚ್ಚಿಕೊಂಡು ಗೊರಕೆ ಹೊಡೆದ. ದಾವಣಗೆರೆ ಸಂತೆಯ ದಿನ ಸ್ಟೇಷನ್ನಿನ ಕಟ್ಟೆ ಮೇಲೆ ರೈತರು ಮಲಗುವ ಹಾಗೆ.

“ಪೈಲ್ವಾನ ಆಗಿದ್ರ ಹಿಂಗ ಅಂಗಾತ ಬೀಳ್ತಿದ್ನೇನ್ರಿ?” ಎಂದೆ.

ವಸ್ತಾದರು ಬಹಳ ಹೊತ್ತು ಅವನನ್ನೇ ನೋಡಿದರು. “ನಮ್ಮನ್ನ ನಂಬಿಸಾಕ ಮಲಗ್ಯಾನ” ಎಂದರು. ಅವರ ಕಣ್ಣು ಕೆಂಪಾಗಿದ್ದವು. ಆ ನೋಟದಲ್ಲಿ ಸಿಟ್ಟಿಗಿಂತ ಆಸೆ ಹೆಚ್ಚಿದ್ದಂತೆ ನನಗೆ ಕಂಡಿತು.

ಎರಡನೇ ರಾತ್ರಿ

ಆ ವಿಮಾನ ದಾರಿಯಲ್ಲಿ ಎರಡು ಕಡೆ ಇಳಿದು ಹತ್ತಿ, ರಾತ್ರಿಯನ್ನೆಲ್ಲ ತಿಂದಿತು. ಈ ಸಲ ವಸ್ತಾದರು ನನಗೂ ತುರ್ಕಿಯವನಿಗೂ ನಡುವೆ ಕೂತರು. ನನ್ನ ತೊಡೆಯ ಮೇಲೆ ಹಾಸಿಗೆಯ ಸುರುಳಿ ಇಟ್ಟು, ಅದರ ಮೇಲೆ ನನ್ನನ್ನು ಬೋರಲು ಬೀಳಿಸಿ, “ಮಲಕ್ಕೋ, ನಾ ಕಾಯ್ತೀನಿ” ಎಂದರು.

ಸುರುಳಿ ಉಸಿರು ಕಟ್ಟಿಸುತ್ತಿತ್ತು. ಮುಖ ಓರೆ ಮಾಡಿ ನೋಡಿದರೆ, ಕಾಯುವವರು ಕೂತಲ್ಲೇ ತೂಗುತ್ತಿದ್ದರು. ಬೆನ್ನು ಇನ್ನೇನು ಒರಗಬೇಕು ಎನ್ನುವಾಗ ಬೆಚ್ಚಿ ಮುಂದಕ್ಕೆ ಬರುವರು. ಹಾಗೆ ಬೆಚ್ಚಿದಾಗೆಲ್ಲ, ನಿದ್ದೆಗಣ್ಣಿನಲ್ಲಿಯೇ, ಎಡಗೈಯಿಂದ ತಮ್ಮ ಬಲ ಹೆಗಲನ್ನು ಒರೆಸಿಕೊಳ್ಳುತ್ತಿದ್ದರು. ಒಮ್ಮೆಯಲ್ಲ, ಹತ್ತು ಸಲ ನೋಡಿದೆ.

ಬೇರೆಯವರು ಕೈಯಿಂದ ಬಳಿದ ಮಣ್ಣಾದರೆ ಇಪ್ಪತ್ತು ವರ್ಷ ಹೀಗೆ ಒರೆಸಿಕೊಳ್ಳುತ್ತಾರೆಯೇ?

ಆ ಯೋಚನೆ ಬಂದದ್ದೇ ನನಗೆ ನಾಚಿಕೆಯಾಯಿತು. ತಂದೆಯ ಸಮಾನ ಗುರುವಿನ ಮೇಲೆ ಅನುಮಾನ! ಕಣ್ಣು ಬಿಗಿಯಾಗಿ ಮುಚ್ಚಿದೆ. ಅಲ್ಲಿಂದ ಮುಂದೆ ನಿದ್ದೆ ಬರದಿದ್ದುದಕ್ಕೆ ತುರ್ಕಿಯವನು ಕಾರಣವಲ್ಲ.

ಇಸ್ತಾಂಬುಲ್

ಊರು ಹೇಗಿತ್ತು ಎಂದರೆ, ಮಸೀದಿ, ಸಮುದ್ರ, ಚಳಿ, ಇಷ್ಟೇ ನೆನಪು. ನಮ್ಮ ತಂಡದವರು ಕರೆದೊಯ್ದು ತಕ್ಕಡಿ ಮೇಲೆ ನಿಲ್ಲಿಸಿದರು. ತೂಕ ಸರಿಯಿತ್ತು. ಮಧ್ಯಾಹ್ನವೇ ಕುಸ್ತಿ. ನನ್ನ ಎದುರಾಳಿ ತುರ್ಕಿಯವನಲ್ಲ, ಎಲ್ಲಿಯದೋ ಒಬ್ಬ ಕೆಂಚುಗೂದಲಿನ ಹುಡುಗ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ರಾತ್ರಿ ತುಂಬ ಮಲಗಿ ಎದ್ದವನು.

ಅಲ್ಲಿ ಮಣ್ಣಿಲ್ಲ. ನೆಲಕ್ಕೆ ದಪ್ಪನೆಯ ಮೆತ್ತೆ ಹಾಸಿದ್ದರು. ಕಾಲಿಟ್ಟರೆ ಒಳಗಿಳಿಯುತ್ತಿತ್ತು. ಗಂಟಿನ ಮಣ್ಣನ್ನು ಹಣೆಗೆ ಹಚ್ಚಿಕೊಂಡು ಇಳಿದೆ. ಮೊದಲ ಸ್ವಲ್ಪ ಹೊತ್ತು ನಾನೇ ಮೇಲಿದ್ದೆ. ಆಮೇಲೆ ಮೊಣಕಾಲು ನನ್ನ ಮಾತು ಕೇಳಲಿಲ್ಲ. ಹುಡುಗ ಸೊಂಟಕ್ಕೆ ಕೈಹಾಕಿ ತಿರುಗಿಸಿದ. ವಿಮಾನದಲ್ಲಿ ಎದ್ದ ಹಾಗೆಯೇ ತಲೆ ಊರಿ ಬಿಲ್ಲಾದೆ. ವಸ್ತಾದರ ದನಿ ಕೇಳುತ್ತಿತ್ತು: “ಎತ್ತು! ಬಲದ್ದು ಎತ್ತು!”

ಎತ್ತಿದ್ದೆ. ಇನ್ನೂ ಸ್ವಲ್ಪ ಹೊತ್ತು ಎತ್ತಬಹುದಿತ್ತೇನೋ. ಆದರೆ ಎಡ ಹೆಗಲಿಗೆ ಮೆತ್ತೆ ತಾಗಿತು, ಬೆಚ್ಚಗಿತ್ತು. ಎಷ್ಟೋ ದಿನದಿಂದ ಮೈ ಬೇಡುತ್ತಿದ್ದುದು ಅದೊಂದನ್ನೇ. ಬಲ ಹೆಗಲೂ ಇಳಿಯಿತು. ನಾನೇ ಬಿಟ್ಟೆನೋ, ಬಿಟ್ಟುಹೋಯಿತೋ, ನನಗೆ ಈಗಲೂ ನನ್ನ ಮೇಲೆ ಅನುಮಾನವಿದೆ. ಸೀಟಿ ಊದಿದರು. ಮೇಲೆ ಸಾಲು ದೀಪಗಳು ಕಂಡವು. ಅಯ್ಯೋ, ಅಂಗಾತ ಮಲಗುವುದು ಎಷ್ಟು ಸುಖ! ಸೋತೆ ಎಂಬ ಅಳು ಬಂದದ್ದು ಅದಾದ ಮೇಲೆ.

ಕೈ ಹಿಡಿದು ಎಬ್ಬಿಸಿದವನು ತುರ್ಕಿಯವನು. ಅವನು ಅಲ್ಲಿಯ ಪೈಲ್ವಾನರ ವಸ್ತಾದ್ ಅಂತೆ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನಮ್ಮ ಮಣ್ಣನ್ನು ತೋರಿಸಿ, ಎದೆಗೊತ್ತಿಕೊಂಡು, ಇಟ್ಟುಕೊಳ್ಳಲೇ ಎಂದು ಸನ್ನೆಯಲ್ಲಿ ಕೇಳಿದ. ಕೆನ್ನೆಗೆ ಅಂಗೈ ಹಚ್ಚಿ, ಕಣ್ಣು ಮುಚ್ಚಿ, ನನ್ನ ಕಡೆ ಬೆರಳು ಮಾಡಿ, ಇಲ್ಲ ಇಲ್ಲ ಎಂದು ತಲೆಯಾಡಿಸಿದ. ನಿದ್ದೆಗೆಟ್ಟವನು ಕುಸ್ತಿ ಆಡಲಾರ ಎಂದು ಅವನಿಗೆ ಮೊದಲ ರಾತ್ರಿಯೇ ಗೊತ್ತಿತ್ತು. ವಸ್ತಾದರು ತಲೆ ತಗ್ಗಿಸಿದರು.

ಆಮೇಲೆ ಅಭ್ಯಾಸಬಲದಿಂದ ನನ್ನನ್ನು ತಿರುಗಿಸಿ ನಿಲ್ಲಿಸಿ, ಬಿಳಿ ಟವಲಿನಿಂದ ಬೆನ್ನು ಒರೆಸಿದರು. ಟವಲು ಬಿಳಿಯಾಗಿಯೇ ಉಳಿಯಿತು. ಅದರ ಎರಡೂ ಮಗ್ಗುಲು ತಿರುವಿ ನೋಡಿದರು.

“ಏನೂ ಹತ್ತಿಲ್ಲ” ಎಂದರು.

“ಇಲ್ಲಿ ಮಣ್ಣೇ ಇಲ್ಲಲ್ರಿ.”

“ಅದ ಅಂತೀನಿ. ಊರಾಗ ಯಾರು ನೋಡ್ಯಾರು?”

ವಾಪಸು ಬರುವ ವಿಮಾನದಲ್ಲಿ ನಾನು ಗುಂಡಿ ಒತ್ತಿ ಅಂಗಾತ ಮಲಗಿದೆ. ಇನ್ನು ನನ್ನ ಬೆನ್ನಿಗೆ ಕಾಪಾಡಿಕೊಳ್ಳಲು ಏನಿತ್ತು? ವಸ್ತಾದರು ತುದಿಗೇ ಕೂತಿದ್ದರು. ಊರಿಗೆ ಏನು ಹೇಳಬೇಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹರಿಹರ

ಗಾಡಿ ತುಂಗಭದ್ರೆಯ ಸೇತುವೆ ದಾಟಿತು. ಸ್ಟೇಷನ್ನಿನಲ್ಲಿ ಜನ ಸೇರಿದ್ದರು. ನಾನು ಸೋತ ಸುದ್ದಿ ಯಾರಿಗೂ ತಲುಪಿರಲಿಲ್ಲ. ಮುಂದೆ, ಕೋಲೂರಿಕೊಂಡು ಒಬ್ಬ ಮುದುಕ ನಿಂತಿದ್ದ. ಕಿವಿ ಮುರಿದಿದ್ದವು. ರುದ್ರಪ್ಪ ಎಂದು ಯಾರೂ ಹೇಳಬೇಕಿರಲಿಲ್ಲ.

“ಇಳೀರಿ ಪೈಲ್ವಾನ್ರೆ, ಬೆನ್ನು ತೋರಸ್ರಿ” ಎಂದು ಜನ ಕೂಗಿದರು.

ನಾನು ವಸ್ತಾದರ ಮುಖ ನೋಡಿದೆ. ಅವರು ಎಲ್ಲಿಯೋ ನೋಡುತ್ತಿದ್ದರು. ಇಳಿದೆ. ಅಂಗಿ ಬಿಚ್ಚಿದೆ. ತಿರುಗಿ ನಿಂತೆ. ಬೆನ್ನು ತೊಳೆದಿಟ್ಟ ಹಾಗಿತ್ತು. ಶಿಳ್ಳೆ ಬಿದ್ದವು, ಯಾರೋ ಕೊರಳಿಗೆ ಹಾರ ಹಾಕಿದರು. ನಾನು ಬಾಯಿ ಬಿಡಲಿಲ್ಲ. ಹೇಳಲು ಧೈರ್ಯವಿರಲಿಲ್ಲ, ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

“ಹಾರ ತಗೀರಿ” ಎಂದರು ವಸ್ತಾದರು, ಗಾಡಿಯ ಬಾಗಿಲಿನಿಂದ. “ಹುಡುಗ ಚಿತ್ ಆದ. ಅಲ್ಲಿ ಮಣ್ಣಿಲ್ಲ, ಅದಕ್ಕ ಹತ್ತಿಲ್ಲ. ತಪ್ಪು ಅವಂದಲ್ಲ, ನಾನು ಮಲಗಾಕ ಬಿಡಲಿಲ್ಲ.”

ಅವರು ಮೆಟ್ಟಿಲಿಳಿದು ರುದ್ರಪ್ಪನ ಮುಂದೆ ಬಂದು ನಿಂತರು.

“ನನ್ನ ಬೆನ್ನಿಗೆ ಹತ್ತಿದ್ದು ಈ ಊರಿನ ಮಣ್ಣು ರುದ್ರಪ್ಪ. ನೆಲಕ್ಕ ತಾಗಿ ಹತ್ತಿದ್ದು. ನೀನು ಬಳದಿದ್ದಲ್ಲ.”

ರುದ್ರಪ್ಪ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. “ಇಪ್ಪತ್ತು ವರ್ಷ ಆತಲ್ಲೋ ಹಾಲಪ್ಪ” ಎಂದ. ಆಮೇಲೆ, “ಚಾ ಕುಡೀತೀಯೇನು?” ಎಂದು ಕೇಳಿದ.

ಪರರ ಕೈಯಿಂದ ಏನನ್ನೂ ಮುಟ್ಟದ ನಮ್ಮ ವಸ್ತಾದರು ರುದ್ರಪ್ಪನ ಕೈಯಿಂದ ಲೋಟ ತೆಗೆದುಕೊಂಡರು. ಮೂಸಲಿಲ್ಲ. ನಿಂತಲ್ಲೇ ಕುಡಿದು ಮುಗಿಸಿದರು.

ಗಾಡಿ ಹೊರಟಿತು. ನಮ್ಮ ಡಬ್ಬಿಯಲ್ಲಿ ಎದುರು ಹಲಗೆ ಖಾಲಿಯಿತ್ತು. ವಸ್ತಾದರು ರುಮಾಲು ಸುತ್ತಿ ತಲೆಗಿಟ್ಟುಕೊಂಡು, ಮೊದಲು ಮಗ್ಗುಲಾಗಿ ಮಲಗಿದರು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಹೊರಳಿದರು. ಎಡ ಹೆಗಲು ಹಲಗೆಗೆ ತಾಗಿತು. ಆಮೇಲೆ ಬಲದ್ದೂ ತಾಗಿತು. ಗೊರಕೆ ಶುರುವಾಗಲು ಎರಡು ನಿಮಿಷವೂ ಹಿಡಿಯಲಿಲ್ಲ.

ದಾವಣಗೆರೆ ದೂರವೇನಲ್ಲ. ಸ್ಟೇಷನ್ನಿನಲ್ಲಿ ಗರಡಿಯ ಹುಡುಗರು ತಮಟೆ ಬಾರಿಸುತ್ತ ಓಡಿಬಂದರು. ಅಷ್ಟು ಸದ್ದಿಗೂ ವಸ್ತಾದರು ಏಳಲಿಲ್ಲ. ನಾನು ಬಾಗಿಲಿಗೆ ಹೋಗಿ ಬಾರಿಸಬೇಡಿ ಎಂದು ಕೈಮಾಡಿ, ಗಾರ್ಡು ಸೀಟಿ ಊದುವ ತನಕ ಅವರನ್ನು ಎಬ್ಬಿಸದೆ ಕಾದೆ.